ಅಪ್‌ಡೇಟ್ ಆದ ಮೇಲೆ ವೈಫೈ ಮಾಯ! ಬೇರೆ ಲಿನಕ್ಸ್ ಕರ್ನೆಲ್‌ಗೆ ಡ್ರೈವರ್ ಅಳವಡಿಸುವುದು ಹೇಗೆ?

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಹಳೆಯ ಕಂಪ್ಯೂಟರ್ ಅಲ್ಲಿದೆ. ವಿಂಡೋಸ್ ತೀರಾ ನಿಧಾನವಾಯಿತೆಂದು ಪರಿಚಯದವರೊಬ್ಬರು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದಾರೆ. ಮನೆಗೆ ಕೇಬಲ್ ಇಂಟರ್‌ನೆಟ್ ಇಲ್ಲ. ಫೋನಿನ ಹಾಟ್‌ಸ್ಪಾಟ್ ಹಿಡಿಯಲು ಉಗುರಿನಷ್ಟು ದೊಡ್ಡ ಯುಎಸ್‌ಬಿ ವೈಫೈ ಡಾಂಗಲ್ ಇದೆ. ಅದರ ಡ್ರೈವರನ್ನು ಹೇಗೋ ಕಷ್ಟಪಟ್ಟು ಹಾಕಿದ್ದಾಯಿತು, ತಿಂಗಳುಗಟ್ಟಲೆ ಎಲ್ಲ ಚೆನ್ನಾಗಿಯೇ ನಡೆಯಿತು. ಒಂದು ರಾತ್ರಿ, ಅಪ್‌ಡೇಟ್ ಬಂದಿದೆ ಎಂಬ ಸೂಚನೆಗೆ ಒಪ್ಪಿಗೆ ಕೊಟ್ಟು ಮಲಗಿದರೆ, ಬೆಳಿಗ್ಗೆ ವೈಫೈ ಚಿಹ್ನೆಯೇ ಇಲ್ಲ! ಮಗಳ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ನಾಳೆಯೇ ಕಡೆಯ ದಿನ.

ಈಗ ಒಬ್ಬೊಬ್ಬರದು ಒಂದೊಂದು ಸಲಹೆ. "ಡಾಂಗಲ್ ಸುಟ್ಟುಹೋಗಿದೆ, ಹೊಸದು ತನ್ನಿ" ಎನ್ನುವವರು ಒಬ್ಬರು, "ವೈರಸ್ ಬಂದಿದೆ" ಎನ್ನುವವರು ಇನ್ನೊಬ್ಬರು. "ಲಿನಕ್ಸೇ ಹೀಗೆ, ಎಲ್ಲ ಅಳಿಸಿ ಮತ್ತೆ ವಿಂಡೋಸ್ ಹಾಕಿಸಿ" ಎನ್ನುವವರಿಗಂತೂ ಕೊರತೆಯಿಲ್ಲ. ಶನಿಮಹಾತ್ಮನ ದೇವಸ್ಥಾನಕ್ಕೆ ಹೆಸರಾದ ಊರಿನಲ್ಲಿ "ಇದು ಶನಿಕಾಟವೇ ಇರಬೇಕು" ಎಂಬ ತಮಾಷೆಯೂ ಕೇಳಿಬಂದೀತು!

ಇವುಗಳಲ್ಲಿ ಯಾವುದೂ ನಿಜವಲ್ಲ. ಡಾಂಗಲ್ ಸರಿಯಾಗಿದೆ, ಡ್ರೈವರ್ ಕೂಡ ಡಿಸ್ಕ್‌ನಲ್ಲಿ ಹಾಗೆಯೇ ಇದೆ. ಆದರೆ ಆ ಡ್ರೈವರ್ ಹಳೆಯ ಕರ್ನೆಲ್‌ಗಾಗಿ ತಯಾರಾದದ್ದು, ಕಂಪ್ಯೂಟರ್ ಈಗ ನಡೆಯುತ್ತಿರುವುದು ಹೊಸ ಕರ್ನೆಲ್‌ನಲ್ಲಿ. ಈ ಒಂದು ಸಂಗತಿ ಅರ್ಥವಾದರೆ, ದುಡ್ಡು ಖರ್ಚಿಲ್ಲದೆ, ಕಡತಗಳನ್ನು ಕಳೆದುಕೊಳ್ಳದೆ ಸಮಸ್ಯೆ ಬಗೆಹರಿಸಿಕೊಳ್ಳಬಹುದು.

ಒಂದು ಮಾತು: ಈ ಲೇಖನದಲ್ಲಿ ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪಿಸಬೇಕು.

ಕರ್ನೆಲ್ ಎಂದರೇನು, ಡ್ರೈವರ್ ಎಂದರೇನು?

ನಾವು ಲಿನಕ್ಸ್ ಎಂದು ಕರೆಯುವ ಉಬುಂಟು, ಡೆಬಿಯನ್, ಮಿಂಟ್ ಮುಂತಾದವು ಸಾವಿರಾರು ತಂತ್ರಾಂಶಗಳ ಮೂಟೆಗಳು. ಅವುಗಳ ತಿರುಳಿನಲ್ಲಿರುವ ಒಂದು ತಂತ್ರಾಂಶವೇ ಕರ್ನೆಲ್. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ಶುರುಮಾಡಿದ್ದು ಈ ತಿರುಳನ್ನು; ನಿಜವಾದ ಅರ್ಥದಲ್ಲಿ ಲಿನಕ್ಸ್ ಎಂದರೆ ಇದೇ. ಮೆಮೊರಿಯನ್ನು ಹಂಚುವುದು, ಯಾವ ಕೆಲಸ ಯಾವಾಗ ನಡೆಯಬೇಕೆಂದು ತೀರ್ಮಾನಿಸುವುದು, ಯಂತ್ರಾಂಶಗಳ ಜೊತೆ ವ್ಯವಹರಿಸುವುದು ಎಲ್ಲ ಅದರ ಹೊಣೆ.

ಪ್ರಪಂಚದಲ್ಲಿರುವ ಎಲ್ಲ ಯಂತ್ರಾಂಶಗಳ ಭಾಷೆ ಒಂದೇ ಅಲ್ಲ. ಒಂದೊಂದು ವೈಫೈ ಚಿಪ್, ಒಂದೊಂದು ಗ್ರಾಫಿಕ್ಸ್ ಕಾರ್ಡ್ ಒಂದೊಂದು ರೀತಿ ಕೆಲಸಮಾಡುತ್ತದೆ. ಅವುಗಳ ಭಾಷೆಯನ್ನು ಕರ್ನೆಲ್‌ಗೆ ತಿಳಿಸಿಕೊಡುವ ದುಭಾಷಿಯೇ ಡ್ರೈವರ್. ಕರ್ನೆಲ್‌ನ ಮೂಲ ಸಂಕೇತದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂತಹ ಡ್ರೈವರುಗಳದ್ದೇ. ಹೆಚ್ಚಿನವು ಬಿಡಿ ಬಿಡಿ ತುಣುಕುಗಳಾಗಿ, ಅಂದರೆ ಮಾಡ್ಯೂಲುಗಳಾಗಿ ಇರುತ್ತವೆ. ಬೇಕಾದಾಗ ಮಾತ್ರ ಕರ್ನೆಲ್ ಅವನ್ನು ಒಳಗೆ ಕರೆದುಕೊಳ್ಳುತ್ತದೆ.

ಇಲ್ಲಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು.

ಒಳಗಿನ ಡ್ರೈವರ್: ಕರ್ನೆಲ್‌ನ ಜೊತೆಗೇ ಬರುವಂಥದ್ದು. ಕರ್ನೆಲ್ ಬದಲಾದರೆ ಇದೂ ಜೊತೆಯಲ್ಲೇ ಬದಲಾಗುತ್ತದೆ. ನಾವು ಏನೂ ಮಾಡಬೇಕಿಲ್ಲ.

ಹೊರಗಿನ ಡ್ರೈವರ್: ತಯಾರಕರು ಅಥವಾ ಆಸಕ್ತರು ಪ್ರತ್ಯೇಕವಾಗಿ ಕೊಡುವಂಥದ್ದು. ಅಗ್ಗದ ವೈಫೈ ಡಾಂಗಲ್‌ಗಳಲ್ಲಿ ಕೆಲವು, ಎನ್‌ವಿಡಿಯಾ ಸಂಸ್ಥೆಯ ಗ್ರಾಫಿಕ್ಸ್ ಡ್ರೈವರುಗಳು, ವರ್ಚುವಲ್‌ಬಾಕ್ಸ್‌ನ ಮಾಡ್ಯೂಲುಗಳು ಈ ಗುಂಪಿಗೆ ಸೇರುತ್ತವೆ. ಕರ್ನೆಲ್ ಬದಲಾದಾಗ ತಕರಾರು ಬರುವುದು ಮುಖ್ಯವಾಗಿ ಇವುಗಳಿಂದ.

ಫರ್ಮ್‌ವೇರ್: ಇದು ಯಂತ್ರಾಂಶದ ಒಳಗೇ ನಡೆಯುವ ತಂತ್ರಾಂಶ. ಡ್ರೈವರ್ ಇದನ್ನು ಡಿಸ್ಕ್‌ನಿಂದ ಓದಿ ಚಿಪ್‌ಗೆ ತುಂಬುತ್ತದೆ. ಡ್ರೈವರ್ ಇದ್ದು ಫರ್ಮ್‌ವೇರ್ ಇಲ್ಲದಿದ್ದರೂ ಹಲವು ವೈಫೈ ಚಿಪ್‌ಗಳು ಕೆಲಸಮಾಡುವುದಿಲ್ಲ.

ಒಂದು ಕರ್ನೆಲ್‌ನ ಡ್ರೈವರ್ ಇನ್ನೊಂದಕ್ಕೆ ಏಕೆ ಆಗುವುದಿಲ್ಲ?

ಮಧುರೆಯಿಂದ ತಾಲ್ಲೂಕು ಕೇಂದ್ರಕ್ಕೆ ಹೋದರೆ ಇದಕ್ಕೆ ಒಳ್ಳೆಯ ಹೋಲಿಕೆ ಸಿಗುತ್ತದೆ. ದೊಡ್ಡಬಳ್ಳಾಪುರ ಮಗ್ಗಗಳ ಊರು. ಸೀರೆಯ ಸೆರಗಿನಲ್ಲಿ ಬುಟ್ಟಾ, ಬಳ್ಳಿ ಮೂಡಿಸಲು ಮಗ್ಗದ ಮೇಲೆ ಜಕಾರ್ಡ್ ಕೂರಿಸಿ, ತೂತು ಹೊಡೆದ ಕಾರ್ಡುಗಳ ಸರವನ್ನು ಅದಕ್ಕೆ ತೊಡಿಸುತ್ತಾರೆ. ಯಾವ ತೂತು ಎಲ್ಲಿದೆ ಎನ್ನುವುದರ ಮೇಲೆ ಯಾವ ಎಳೆ ಮೇಲೇಳಬೇಕೆಂದು ತೀರ್ಮಾನವಾಗುತ್ತದೆ. ಆದರೆ ಒಂದು ಜಕಾರ್ಡಿಗಾಗಿ ಹೊಡೆದ ಕಾರ್ಡುಗಳನ್ನು ಹುಕ್ಕುಗಳ ಸಂಖ್ಯೆ ಬೇರೆ ಇರುವ ಇನ್ನೊಂದು ಜಕಾರ್ಡಿಗೆ ತೊಡಿಸಿದರೆ ವಿನ್ಯಾಸ ಮೂಡುವುದಿಲ್ಲ. ವಿನ್ಯಾಸದ ನಕ್ಷೆ ಅದೇ ಇರಬಹುದು, ಕಾರ್ಡುಗಳನ್ನು ಮಾತ್ರ ಹೊಸದಾಗಿ ಹೊಡೆಯಬೇಕು.

ಡ್ರೈವರಿನ ಕಥೆಯೂ ಹೀಗೆಯೇ. ಮೂಲ ಸಂಕೇತವು ನಕ್ಷೆಯಿದ್ದಂತೆ. ಅದರಿಂದ ತಯಾರಾಗುವ ಮಾಡ್ಯೂಲ್ ಕಡತವು ತೂತು ಹೊಡೆದ ಕಾರ್ಡಿದ್ದಂತೆ. ಕರ್ನೆಲ್ ಎಂಬ ಮಗ್ಗ ಬದಲಾದಾಗ ನಕ್ಷೆಯಿಂದ ಕಾರ್ಡುಗಳನ್ನು ಮತ್ತೆ ತಯಾರಿಸಿಕೊಳ್ಳಬೇಕು.

ಪ್ರತಿಯೊಂದು ಮಾಡ್ಯೂಲ್ ಕಡತದೊಳಗೂ ವರ್‌ಮ್ಯಾಜಿಕ್ ಎಂಬ ಸಾಲೊಂದು ಇರುತ್ತದೆ. ಆ ಮಾಡ್ಯೂಲ್ ಯಾವ ಕರ್ನೆಲ್ ಆವೃತ್ತಿಗಾಗಿ, ಯಾವ ಮುಖ್ಯ ಆಯ್ಕೆಗಳೊಂದಿಗೆ ತಯಾರಾಯಿತು ಎನ್ನುವುದು ಅಲ್ಲಿ ದಾಖಲಾಗಿರುತ್ತದೆ. ಇದರ ಜೊತೆಗೆ ಕರ್ನೆಲ್‌ನ ಯಾವ ಯಾವ ಸೌಲಭ್ಯಗಳನ್ನು ಬಳಸುತ್ತದೋ ಅವುಗಳ ಗುರುತು ಸಂಖ್ಯೆಗಳನ್ನೂ ಹಲವು ಲಿನಕ್ಸ್‌ಗಳಲ್ಲಿ ಮಾಡ್ಯೂಲು ಹೊತ್ತಿರುತ್ತದೆ. ಒಳಗೆ ಸೇರಿಸಿಕೊಳ್ಳುವ ಮುನ್ನ ಕರ್ನೆಲ್ ಇವನ್ನು ತಾಳೆ ನೋಡುತ್ತದೆ, ಹೊಂದದಿದ್ದರೆ ಬಾಗಿಲಲ್ಲೇ ತಡೆಯುತ್ತದೆ.

ಇದು ಕಿರಿಕಿರಿ ಎನಿಸಿದರೂ ಒಳ್ಳೆಯದಕ್ಕೇ ಇರುವ ಕಟ್ಟುನಿಟ್ಟು. ಮಾಡ್ಯೂಲ್ ಒಮ್ಮೆ ಒಳಗೆ ಹೋದರೆ ಕಂಪ್ಯೂಟರಿನ ಮೇಲೆ ಅದಕ್ಕೆ ಪೂರ್ತಿ ಅಧಿಕಾರ ಸಿಗುತ್ತದೆ. ತಪ್ಪಾದ ಮಾಡ್ಯೂಲ್ ಮೆಮೊರಿಯ ತಪ್ಪು ಜಾಗದಲ್ಲಿ ಬರೆದರೆ ಕಂಪ್ಯೂಟರ್ ಸ್ತಬ್ಧವಾಗಬಹುದು, ಕಡತಗಳು ಹಾಳಾಗಬಹುದು.

ಕರ್ನೆಲ್ ಒಳಗಿನ ವ್ಯವಸ್ಥೆಯೇ ಬದಲಾದರೆ?

ಕೆಲವೊಮ್ಮೆ ಹೊಸದಾಗಿ ತಯಾರಿಸಲು ಹೊರಟರೂ ಆಗುವುದಿಲ್ಲ. ಏಕೆಂದರೆ ನಕ್ಷೆಯೇ ಹಳತಾಗಿರುತ್ತದೆ. ನಾವು ಬಳಸುವ ಆನ್ವಯಿಕ ತಂತ್ರಾಂಶಗಳು ಕೆಡದಂತೆ ಲಿನಕ್ಸ್ ತಂಡ ಬಹಳ ಎಚ್ಚರ ವಹಿಸುತ್ತದೆ. ಹತ್ತು ವರ್ಷ ಹಳೆಯ ಪ್ರೋಗ್ರಾಮು ಹೊಸ ಕರ್ನೆಲ್‌ನ ಮೇಲೆ ನಡೆಯುವುದು ಸಾಮಾನ್ಯ. ಆದರೆ ಕರ್ನೆಲ್ ಮತ್ತು ಡ್ರೈವರುಗಳ ನಡುವಿನ ಒಳ ಒಪ್ಪಂದ ಬದಲಾಗುವುದಿಲ್ಲ ಎಂಬ ಭರವಸೆಯನ್ನು ಆ ತಂಡ ಕೊಟ್ಟೇ ಇಲ್ಲ. ದೋಷಗಳನ್ನು ತಿದ್ದಲು, ವೇಗ ಹೆಚ್ಚಿಸಲು ಅಗತ್ಯವಾದಂತೆಲ್ಲ ಅದನ್ನು ಬದಲಿಸುತ್ತಾರೆ. ಒಳಗಿನ ಡ್ರೈವರುಗಳನ್ನು ಅದೇ ಸಮಯಕ್ಕೆ ಅವರೇ ತಿದ್ದುತ್ತಾರೆ. ಹೊರಗಿನವುಗಳ ಹೊಣೆ ಮಾತ್ರ ಹೊರಗಿನವರದ್ದೇ.

ಎರಡು ಉದಾಹರಣೆ ನೋಡಿ. 2018ರ ಜನವರಿಯಲ್ಲಿ ಬಂದ 4.15 ಆವೃತ್ತಿಯಲ್ಲಿ ಟೈಮರುಗಳನ್ನು ಸಿದ್ಧಪಡಿಸುವ ಹಳೆಯ ವಿಧಾನವನ್ನು ಕೈಬಿಟ್ಟು ಹೊಸತನ್ನು ತಂದರು. 2020ರ ಮಾರ್ಚ್‌ನಲ್ಲಿ ಬಂದ 5.6ರಲ್ಲಿ, ಡ್ರೈವರುಗಳು ತಮ್ಮ ಮಾಹಿತಿಯನ್ನು ಪ್ರಾಕ್ ಎಂಬ ಫೋಲ್ಡರಿನ ಮೂಲಕ ತೋರಿಸುವ ಕ್ರಮ ಬದಲಾಯಿತು. ಎರಡೂ ಸಲ ಅನೇಕ ಹೊರಗಿನ ಡ್ರೈವರುಗಳು, ಯಾರಾದರೂ ತಿದ್ದುವವರೆಗೆ, ಹೊಸ ಕರ್ನೆಲ್‌ಗೆ ತಯಾರಾಗಲಿಲ್ಲ. ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಕರ್ನೆಲ್ ಆವೃತ್ತಿ ಹೊರಬರುತ್ತದೆ ಎಂದಮೇಲೆ, ನಿರ್ವಹಣೆ ನಿಂತುಹೋದ ಡ್ರೈವರ್ ಒಂದಲ್ಲ ಒಂದು ದಿನ ಕೈಕೊಡುವುದು ಖಚಿತ.

ಮೊದಲ ಚಿಕಿತ್ಸೆ: ಹಳೆಯ ಕರ್ನೆಲ್‌ಗೆ ಹಿಂತಿರುಗಿ

ಅರ್ಜಿಗೆ ನಾಳೆಯೇ ಕಡೆಯ ದಿನ ಎಂದೆವಲ್ಲ, ಮೊದಲು ಆ ಕೆಲಸ ಮುಗಿಯಲಿ. ಉಬುಂಟು, ಡೆಬಿಯನ್‌ನಂತಹ ವ್ಯವಸ್ಥೆಗಳು ಹೊಸ ಕರ್ನೆಲ್ ಹಾಕಿದಾಗ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಕಾಣುವ ಗ್ರಬ್ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಆಪ್ಶನ್ಸ್’ ಆರಿಸಿಕೊಂಡು, ಪಟ್ಟಿಯಲ್ಲಿ ಮೊದಲಿನದರ ಬದಲು ಅದರ ಕೆಳಗಿನ ಹಳೆಯ ಆವೃತ್ತಿಯನ್ನು ಆರಿಸಿ. ಮೆನು ಕಾಣದಿದ್ದರೆ ಆನ್ ಮಾಡಿದ ಕೂಡಲೇ ಎಸ್ಕೇಪ್ ಕೀಲಿಯನ್ನು, ಹಳೆಯ ಬಯಾಸ್ ಇರುವ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಬೇಕು. ಹೆಚ್ಚಿನ ಸಂದರ್ಭಗಳಲ್ಲಿ ವೈಫೈ ಮೊದಲಿನಂತೆ ಹಾಜರಾಗುತ್ತದೆ!

ಇನ್ನೊಂದು ದಾರಿಯೂ ಇದೆ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿರುವ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ಕರ್ನೆಲ್ ಒಳಗೇ ಇರುವುದರಿಂದ ಪ್ರತ್ಯೇಕವಾಗಿ ಏನೂ ಹಾಕಬೇಕಿಲ್ಲ. ವೈಫೈ ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಡ್ರೈವರ್ ಬೇಕು ಎಂಬ ಬೀಜ ಮೊದಲೋ ಮರ ಮೊದಲೋ ಸಮಸ್ಯೆಗೆ ಇದು ಅತ್ಯಂತ ಸುಲಭದ ಉತ್ತರ. ನೆನಪಿಡಿ, ಕೇಬಲ್ ಬರೀ ಚಾರ್ಜ್ ಮಾಡುವಂಥದ್ದಾಗಿರದೆ ಮಾಹಿತಿಯನ್ನೂ ಸಾಗಿಸುವಂಥದ್ದಾಗಿರಬೇಕು.

ಕಾಯಿಲೆ ಯಾವುದು? ಗುರುತಿಸುವುದು ಹೇಗೆ?

ತುರ್ತು ಕೆಲಸ ಮುಗಿದ ಮೇಲೆ ಮೂಲ ಸಮಸ್ಯೆಯತ್ತ ಬರೋಣ. ‘ಯುನೇಮ್ -ಆರ್’ ಎಂಬ ಆದೇಶ ಈಗ ನಡೆಯುತ್ತಿರುವ ಕರ್ನೆಲ್‌ನ ಪೂರ್ತಿ ಹೆಸರು ಹೇಳುತ್ತದೆ. ‘ಎಲ್‌ಎಸ್‌ಯುಎಸ್‌ಬಿ’ ಎಂದರೆ ಯುಎಸ್‌ಬಿ ಸಾಧನಗಳ ಪಟ್ಟಿ, ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂದರೆ ಒಳಗಿನ ಕಾರ್ಡುಗಳು ಮತ್ತು ಅವುಗಳನ್ನು ನೋಡಿಕೊಳ್ಳುತ್ತಿರುವ ಡ್ರೈವರುಗಳ ಪಟ್ಟಿ. ಡಾಂಗಲ್ ಈ ಪಟ್ಟಿಯಲ್ಲಿ ಕಂಡರೆ ಅದು ಸುಟ್ಟುಹೋಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅದರ ಮುಂದಿರುವ ಎಂಟು ಅಂಕಿ ಅಕ್ಷರಗಳ ಗುರುತನ್ನು ಬರೆದಿಟ್ಟುಕೊಳ್ಳಿ. ಡಬ್ಬಿಯ ಮೇಲಿನ ಹೆಸರಿಗಿಂತ ಅದನ್ನೇ ನಂಬಬೇಕು. ಏಕೆಂದರೆ ಒಂದೇ ಹೆಸರಿನ ಡಾಂಗಲ್‌ಗಳ ಒಳಗೆ ಬೇರೆಬೇರೆ ಚಿಪ್‌ಗಳು ಇರುವುದುಂಟು.

ಕೆಲವು ಡಾಂಗಲ್‌ಗಳು ಮೊದಲಿಗೆ ವೈಫೈ ಆಗಿ ಅಲ್ಲ, ವಿಂಡೋಸ್ ಡ್ರೈವರ್ ಇಟ್ಟುಕೊಂಡ ಸಿಡಿಯಂತೆ ಕಾಣಿಸಿಕೊಳ್ಳುತ್ತವೆ. ಅವನ್ನು ವೈಫೈ ರೂಪಕ್ಕೆ ತರಲು ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪ್ಯಾಕೇಜ್ ಇದೆ.

ಇನ್ನು ‘ಮಾಡ್‌ಪ್ರೋಬ್’ ಎಂದು ಬರೆದು ಮುಂದೆ ಡ್ರೈವರಿನ ಹೆಸರು ಕೊಟ್ಟಾಗ, ಅಥವಾ ‘ಡಿಮೆಸೇಜ್’ ಎಂದು ಕರೆಯಲಾಗುವ ಕರ್ನೆಲ್ ದಿನಚರಿಯಲ್ಲಿ, ಸಿಗುವ ದೂರುಗಳ ಅರ್ಥ ಹೀಗಿದೆ:

‘ಮಾಡ್ಯೂಲ್ ನಾಟ್ ಫೌಂಡ್’ – ಈ ಕರ್ನೆಲ್‌ನ ಫೋಲ್ಡರಿನಲ್ಲಿ ಆ ಡ್ರೈವರ್ ಇಲ್ಲ. ಪ್ರತಿ ಕರ್ನೆಲ್‌ಗೂ ತನ್ನದೇ ಮಾಡ್ಯೂಲ್ ಫೋಲ್ಡರ್ ಇರುತ್ತದೆ. ಅಪ್‌ಡೇಟ್ ನಂತರದ ತೊಂದರೆಗಳಲ್ಲಿ ಇದೇ ಸಾಮಾನ್ಯ.

‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಅಥವಾ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ – ಡ್ರೈವರ್ ಇದೆ, ಆದರೆ ಬೇರೆ ಕರ್ನೆಲ್‌ಗಾಗಿ ತಯಾರಾದದ್ದು.

‘ಅನ್‌ನೋನ್ ಸಿಂಬಲ್’ – ಡ್ರೈವರ್ ಕೇಳುತ್ತಿರುವ ಸೌಲಭ್ಯ ಈ ಕರ್ನೆಲ್‌ನಲ್ಲಿ ಇಲ್ಲ, ಅಥವಾ ಅದಕ್ಕೆ ಬೇಕಾದ ಇನ್ನೊಂದು ಮಾಡ್ಯೂಲ್ ಇನ್ನೂ ಒಳಗೆ ಬಂದಿಲ್ಲ.

‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ – ಡ್ರೈವರ್ ಸರಿಯಿದ್ದರೂ ಸೆಕ್ಯೂರ್ ಬೂಟ್ ಅದರ ಸಹಿಯನ್ನು ಒಪ್ಪುತ್ತಿಲ್ಲ.

‘ಫರ್ಮ್‌ವೇರ್ ಲೋಡ್ ಫೇಲ್ಡ್’ – ಡ್ರೈವರ್ ಬಂದಿದೆ, ಫರ್ಮ್‌ವೇರ್ ಕಡತ ಸಿಗುತ್ತಿಲ್ಲ.

ಪರಿಹಾರ 1: ಹೊಸ ಕರ್ನೆಲ್‌ನಲ್ಲೇ ಡ್ರೈವರ್ ಇದೆಯೇ ನೋಡಿ

ಹೊರಗಿನ ಡ್ರೈವರ್ ಹುಡುಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಮೊದಲು ಹೊರಗಿದ್ದ ಎಷ್ಟೋ ಡ್ರೈವರುಗಳು ಕಾಲಕ್ರಮೇಣ ಕರ್ನೆಲ್ ಒಳಗೆ ಸೇರಿವೆ. ಉದಾಹರಣೆಗೆ, ರಿಯಲ್‌ಟೆಕ್ ಸಂಸ್ಥೆಯ 8821ಸಿಯು, 8822ಬಿಯು ಮುಂತಾದ ಯುಎಸ್‌ಬಿ ವೈಫೈ ಚಿಪ್‌ಗಳಿಗೆ 2023ರ ಫೆಬ್ರುವರಿಯಲ್ಲಿ ಬಂದ 6.2 ಆವೃತ್ತಿಯಿಂದ ಒಳಗಿನ ಡ್ರೈವರೇ ಇದೆ.

ಅಂದರೆ ಕೆಲವು ಸಲ ಹೊಸ ಕರ್ನೆಲ್‌ಗೆ ಹೋಗುವುದೇ ಪರಿಹಾರ. ಉಬುಂಟು 22.04 ಬಿಡುಗಡೆಯಾದಾಗ ಅದರ ಕರ್ನೆಲ್ 5.15, ಎಚ್‌ಡಬ್ಲ್ಯುಇ ಎಂಬ ಸರಣಿಯ ಮೂಲಕ ಅದಕ್ಕೇ 6.8ರವರೆಗೆ ಕರ್ನೆಲ್‌ಗಳು ಬಂದಿವೆ. ಡೆಬಿಯನ್ 12ರಲ್ಲಿ 6.1, ಡೆಬಿಯನ್ 13ರಲ್ಲಿ 6.12 ಇದೆ. ಹೊಸ ಕರ್ನೆಲ್‌ನಲ್ಲಿ ಒಳಗಿನ ಡ್ರೈವರ್ ಬಂದಿದ್ದರೆ ಹಳೆಯ ಹೊರಗಿನ ಡ್ರೈವರನ್ನು ತೆಗೆದುಹಾಕಿ. ಒಂದೇ ಸಾಧನಕ್ಕೆ ಇಬ್ಬರು ದುಭಾಷಿಗಳಿದ್ದರೆ ಜಗಳ ಖಂಡಿತ!

ಪರಿಹಾರ 2: ಡಿಕೆಎಂಎಸ್‌ಗೆ ಕೆಲಸ ಒಪ್ಪಿಸಿ

ಕರ್ನೆಲ್ ಬದಲಾದಾಗಲೆಲ್ಲ ಡ್ರೈವರನ್ನು ಕೈಯಾರೆ ತಯಾರಿಸುವ ಗೋಜು ತಪ್ಪಿಸಲು ಡೆಲ್ ಸಂಸ್ಥೆಯ ಲಿನಕ್ಸ್ ತಂಡ 2003ರಲ್ಲಿ ಒಂದು ಉಪಾಯ ಮಾಡಿತು. ಅದರ ಹೆಸರು ಡೈನಾಮಿಕ್ ಕರ್ನೆಲ್ ಮಾಡ್ಯೂಲ್ ಸಪೋರ್ಟ್, ಚಿಕ್ಕದಾಗಿ ಡಿಕೆಎಂಎಸ್. ಡ್ರೈವರಿನ ಮೂಲ ಸಂಕೇತವನ್ನು ಒಮ್ಮೆ ಇದಕ್ಕೆ ಒಪ್ಪಿಸಿದರೆ, ಹೊಸ ಕರ್ನೆಲ್ ಬಂದಾಗಲೆಲ್ಲ ಅದಕ್ಕೆ ಹೊಂದುವ ಮಾಡ್ಯೂಲನ್ನು ಇದೇ ತಯಾರಿಸಿ ಸರಿಯಾದ ಫೋಲ್ಡರಿನಲ್ಲಿ ಇಡುತ್ತದೆ. ನಕ್ಷೆಯನ್ನು ಕೈಯಲ್ಲಿಟ್ಟುಕೊಂಡು, ಮಗ್ಗ ಬದಲಾದ ಕೂಡಲೇ ಕಾರ್ಡು ಹೊಡೆದುಕೊಡುವ ಕೆಲಸಗಾರನಂತೆ!

ಇದಕ್ಕೆ ಮೂರು ವಸ್ತುಗಳು ಬೇಕು: ಡ್ರೈವರಿನ ಮೂಲ ಸಂಕೇತ, ಜಿಸಿಸಿ ಎಂಬ ಕಂಪೈಲರ್, ಮತ್ತು ಆ ಕರ್ನೆಲ್‌ನ ಹೆಡರ್ ಕಡತಗಳು. ಹೆಡರ್ ಎಂದರೆ ಕರ್ನೆಲ್‌ನ ಅಳತೆಪಟ್ಟಿ. ಡಿಕೆಎಂಎಸ್ ಇದ್ದೂ ವೈಫೈ ಹೋಯಿತು ಎನ್ನುವವರಲ್ಲಿ ಬಹಳಷ್ಟು ಮಂದಿಯ ತೊಂದರೆ ಇಲ್ಲೇ ಇರುತ್ತದೆ: ಹೊಸ ಕರ್ನೆಲ್ ಬಂದಿರುತ್ತದೆ, ಅದರ ಹೆಡರ್ ಬಂದಿರುವುದಿಲ್ಲ. ನಿರ್ದಿಷ್ಟ ಆವೃತ್ತಿಯ ಹೆಡರನ್ನು ಮಾತ್ರ ಹಾಕಿಕೊಂಡರೆ ಹೀಗಾಗುತ್ತದೆ. ಅದರ ಬದಲು ಉಬುಂಟುವಿನಲ್ಲಿ ‘ಲಿನಕ್ಸ್-ಹೆಡರ್ಸ್-ಜೆನರಿಕ್’, ಡೆಬಿಯನ್‌ನಲ್ಲಿ ‘ಲಿನಕ್ಸ್-ಹೆಡರ್ಸ್-ಎಎಂಡಿ64’ ಎಂಬ ಪ್ಯಾಕೇಜ್ ಹಾಕಿದರೆ ಕರ್ನೆಲ್ ಜೊತೆ ಹೆಡರೂ ತಾನಾಗಿ ಬರುತ್ತದೆ. ಎಚ್‌ಡಬ್ಲ್ಯುಇ ಕರ್ನೆಲ್ ಬಳಸುವವರು ಅದೇ ಸರಣಿಯ ಹೆಡರ್ ಪ್ಯಾಕೇಜನ್ನೇ ಆರಿಸಿಕೊಳ್ಳಬೇಕು.

ಕಂಪೈಲರಿನ ಆವೃತ್ತಿಯೂ ಕೆಲವೊಮ್ಮೆ ಅಡ್ಡ ಬರುತ್ತದೆ. ಉಬುಂಟು 22.04ಕ್ಕೆ 6.5 ಕರ್ನೆಲ್ ಬಂದಾಗ ಅದು ಜಿಸಿಸಿ 12ರಲ್ಲಿ ತಯಾರಾಗಿತ್ತು. ಬಳಕೆದಾರರ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇದ್ದದ್ದು ಜಿಸಿಸಿ 11. ಜಿಸಿಸಿ 12 ಹಾಕಿಕೊಳ್ಳುವವರೆಗೆ ಹಲವರ ಡ್ರೈವರ್ ತಯಾರಾಗಲಿಲ್ಲ. ಹೀಗಾಗಿ ಡಿಕೆಎಂಎಸ್ ಸೋತಾಗ ಅದು ಬರೆದಿಡುವ ‘ಮೇಕ್.ಲಾಗ್’ ಕಡತವನ್ನು ಓದುವುದು ಒಳ್ಳೆಯದು, ಅಲ್ಲಿನ ಮೊದಲ ದೂರೇ ಸಾಮಾನ್ಯವಾಗಿ ನಿಜವಾದ ಕಾರಣ.

ಪರಿಹಾರ 3: ಹಳೆಯ ಕರ್ನೆಲ್‌ನಲ್ಲಿ ಕುಳಿತು ಹೊಸದಕ್ಕೆ ತಯಾರಿಸಿ

ಈಗ ಹಳೆಯ ಕರ್ನೆಲ್‌ನಲ್ಲಿ ಇಂಟರ್‌ನೆಟ್ ಬರುತ್ತಿದೆ, ಡ್ರೈವರ್ ಬೇಕಾಗಿರುವುದು ಹೊಸದಕ್ಕೆ. ಹಾಗಾದರೆ ಪ್ರತಿ ಸಲ ಹೊಸದಕ್ಕೆ ಹೋಗಿ, ಅಲ್ಲಿ ಇಂಟರ್‌ನೆಟ್ ಇಲ್ಲದೆ ಪರದಾಡಬೇಕೇ? ಬೇಕಿಲ್ಲ. ಮಾಡ್ಯೂಲ್ ತಯಾರಿಸಲು ಆ ಕರ್ನೆಲ್ ನಡೆಯುತ್ತಲೇ ಇರಬೇಕೆಂಬ ನಿಯಮವಿಲ್ಲ, ಅದರ ಹೆಡರ್ ಇದ್ದರೆ ಸಾಕು.

ಮೊದಲಿಗೆ ಹೊಸ ಕರ್ನೆಲ್‌ನ ಪೂರ್ತಿ ಹೆಸರನ್ನು ತಿಳಿದುಕೊಳ್ಳಿ. ‘ಲಿಬ್’ ಫೋಲ್ಡರಿನ ಒಳಗಿನ ‘ಮಾಡ್ಯೂಲ್ಸ್’ ಫೋಲ್ಡರಿನಲ್ಲಿ ಎಲ್ಲ ಕರ್ನೆಲ್‌ಗಳ ಹೆಸರೂ ಇರುತ್ತದೆ. ಅದೇ ಹೆಸರಿನ ಹೆಡರ್ ಪ್ಯಾಕೇಜ್ ಹಾಕಿಕೊಳ್ಳಿ. ಆನಂತರ ‘ಸುಡು ಡಿಕೆಎಂಎಸ್ ಆಟೋಇನ್‌ಸ್ಟಾಲ್ -ಕೆ’ ಎಂದು ಬರೆದು, ಮುಂದೆ ಆ ಹೆಸರನ್ನು ಕೊಡಿ. ಡಿಕೆಎಂಎಸ್ ಬಳಿ ಇರುವ ಡ್ರೈವರುಗಳೆಲ್ಲ ಆ ಕರ್ನೆಲ್‌ಗೆ ತಯಾರಾಗುತ್ತವೆ. ‘ಡಿಕೆಎಂಎಸ್ ಸ್ಟೇಟಸ್’ ಎಂಬ ಆದೇಶದಲ್ಲಿ ಹೊಸ ಕರ್ನೆಲ್‌ನ ಮುಂದೆ ‘ಇನ್‌ಸ್ಟಾಲ್ಡ್’ ಎಂದು ಕಂಡರೆ ಕೆಲಸ ಮುಗಿದಂತೆ.

ಡಿಕೆಎಂಎಸ್ ಇಲ್ಲದೆ ‘ಮೇಕ್’ ಬಳಸಿ ನೇರವಾಗಿ ತಯಾರಿಸುವವರು ಒಂದು ಹಳ್ಳಕ್ಕೆ ಬೀಳದಂತೆ ನೋಡಿಕೊಳ್ಳಬೇಕು. ಹಲವು ಡ್ರೈವರುಗಳ ತಯಾರಿ ಕಡತ, ಯಾವ ಕರ್ನೆಲ್‌ಗೆ ಎಂದು ನಮ್ಮನ್ನು ಕೇಳುವುದಿಲ್ಲ. ‘ಯುನೇಮ್ -ಆರ್’ ಕೊಡುವ ಉತ್ತರವನ್ನೇ, ಅಂದರೆ ಈಗ ನಡೆಯುತ್ತಿರುವ ಕರ್ನೆಲನ್ನೇ ಹಿಡಿದುಕೊಳ್ಳುತ್ತದೆ. ಹಳೆಯದರಲ್ಲಿ ಕುಳಿತು ತಯಾರಿಸಿದರೆ ಮತ್ತೆ ಹಳೆಯದಕ್ಕೇ ತಯಾರಾಗುತ್ತದೆ. ತಪ್ಪಾಯಿತೆಂಬ ಸೂಚನೆಯೂ ಬರುವುದಿಲ್ಲ. ಆದ್ದರಿಂದ ತಯಾರಿ ಕಡತವನ್ನು ತೆರೆದು ನೋಡಿ, ಆವೃತ್ತಿ ಸೂಚಿಸುವ ಜಾಗದಲ್ಲಿ (ಸಾಮಾನ್ಯವಾಗಿ ‘ಕೆವಿಇಆರ್’ ಎಂಬ ಹೆಸರಿರುತ್ತದೆ) ಹೊಸ ಕರ್ನೆಲ್‌ನ ಹೆಸರನ್ನು ನೀವೇ ಕೊಡಿ. ಪೆನ್‌ಡ್ರೈವ್‌ನ ಲೈವ್ ಲಿನಕ್ಸ್‌ನಿಂದ ರಿಪೇರಿ ಮಾಡುವಾಗಲೂ ಇದೇ ಎಚ್ಚರಿಕೆ ಬೇಕು. ಅಲ್ಲಿ ನಡೆಯುತ್ತಿರುವುದು ಪೆನ್‌ಡ್ರೈವ್‌ನ ಕರ್ನೆಲ್, ಡಿಸ್ಕ್‌ನದ್ದಲ್ಲ.

ತಯಾರಾದ ಮಾಡ್ಯೂಲನ್ನು ಹೊಸ ಕರ್ನೆಲ್‌ನ ಫೋಲ್ಡರಿನಲ್ಲಿಟ್ಟ ನಂತರ ‘ಡೆಪ್‌ಮಾಡ್’ ಆದೇಶವನ್ನು ಕೂಡ ಹೊಸ ಕರ್ನೆಲ್‌ನ ಹೆಸರಿನೊಂದಿಗೇ ಕೊಡಬೇಕು. ಮಾಡ್ಯೂಲುಗಳ ಸೂಚಿಪಟ್ಟಿಯನ್ನು ಅದು ಹೊಸದಾಗಿ ಬರೆಯುತ್ತದೆ. ಕೊನೆಗೆ ‘ಮಾಡ್‌ಇನ್ಫೋ’ ಮೂಲಕ ವರ್‌ಮ್ಯಾಜಿಕ್ ಸಾಲನ್ನು ನೋಡಿ, ಹೊಸ ಆವೃತ್ತಿಯ ಹೆಸರು ಅಲ್ಲಿದ್ದರೆ ಮಾತ್ರ ರೀಸ್ಟಾರ್ಟ್ ಮಾಡಿ.

ಇಂಟರ್‌ನೆಟ್ ಇಲ್ಲವೇ ಇಲ್ಲ ಎನ್ನುವ ಸಂದರ್ಭದಲ್ಲಿ ಇದೇ ವಿಧಾನವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಅನುಸರಿಸಬಹುದು. ದೊಡ್ಡಬಳ್ಳಾಪುರದ ಗೆಳೆಯರ ಮನೆಯಲ್ಲಿ ಹೆಡರ್, ಕಂಪೈಲರ್, ಮೂಲ ಸಂಕೇತದ ಪ್ಯಾಕೇಜುಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಬಂದು ಮನೆಯಲ್ಲಿ ಹಾಕಿಕೊಂಡರೂ ಆಯಿತು.

ಸೆಕ್ಯೂರ್ ಬೂಟ್ ಎಂಬ ಕಾವಲುಗಾರ

ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ, ನಂಬಿಕಸ್ಥರ ಸಹಿ ಇರುವ ಮಾಡ್ಯೂಲುಗಳಿಗೆ ಮಾತ್ರ ಉಬುಂಟುವಿನಂತಹ ವ್ಯವಸ್ಥೆಗಳಲ್ಲಿ ಪ್ರವೇಶ. ಮನೆಯಲ್ಲಿ ತಯಾರಿಸಿದ ಡ್ರೈವರಿಗೆ ನಮ್ಮದೇ ಸಹಿ ಬೇಕು. ಇದಕ್ಕಾಗಿ ಉಬುಂಟು ಒಂದು ಕೀಲಿಯನ್ನು ಸೃಷ್ಟಿಸಿ, ಒಂದು ಗುಪ್ತಪದ ಕೇಳುತ್ತದೆ. ಮುಂದಿನ ಸಲ ಆನ್ ಆಗುವಾಗ ಕಾಣುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಗುಪ್ತಪದ ಕೊಟ್ಟರೆ ಕಂಪ್ಯೂಟರ್ ನಮ್ಮ ಸಹಿಯನ್ನು ಒಪ್ಪಿಕೊಳ್ಳುತ್ತದೆ. ಈ ನೀಲಿ ಪರದೆಗೆ ಹೆದರಿ ‘ಕಂಟಿನ್ಯೂ ಬೂಟ್’ ಒತ್ತಿಬಿಡುವುದೇ ಹಲವರು ಮಾಡುವ ತಪ್ಪು.

ಬೆಂಗಳೂರಿನ ಒಂದು ಹಳೆಯ ಉದಾಹರಣೆ

ಒಂದು ಕಡೆ ತಯಾರಿಸಿ ಇನ್ನೊಂದು ಕರ್ನೆಲ್‌ನಲ್ಲಿ ನಡೆಸುವ ಕಲ್ಪನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ 2001ರಲ್ಲಿ ಬೆಂಗಳೂರಿನಲ್ಲಿ ಅನಾವರಣಗೊಂಡಿತು. ಹಳ್ಳಿಯ ಜನರಿಗೂ ಎಟುಕಬೇಕೆಂಬ ಆಸೆಯಿಂದ ಮಾಡಿದ ಆ ಸಾಧನದಲ್ಲಿ ನಡೆಯುತ್ತಿದ್ದದ್ದು ಲಿನಕ್ಸ್. ಅದರ ಪ್ರಾಸೆಸರ್ ಮಾತ್ರ ನಮ್ಮ ಮೇಜಿನ ಕಂಪ್ಯೂಟರುಗಳದ್ದಲ್ಲ, ಸ್ಟ್ರಾಂಗ್‌ಆರ್ಮ್ ಎಂಬ ಬೇರೆ ಜಾತಿಯದ್ದು. ಇಂತಹ ಪುಟ್ಟ ಸಾಧನಗಳ ಕರ್ನೆಲನ್ನೂ ಡ್ರೈವರುಗಳನ್ನೂ ಮೇಜಿನ ಕಂಪ್ಯೂಟರಿನಲ್ಲಿ ತಯಾರಿಸಿ ಆಮೇಲೆ ಸಾಧನಕ್ಕೆ ತುಂಬುವುದು ರೂಢಿ. ಇದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ. ಇಂದಿನ ಆಂಡ್ರಾಯ್ಡ್ ಫೋನುಗಳ ಒಳಗಿರುವ ಲಿನಕ್ಸ್ ಕರ್ನೆಲ್ ಕೂಡ ಹೀಗೆಯೇ ತಯಾರಾಗುತ್ತದೆ. ಗುರಿ ಯಾವ ಕರ್ನೆಲ್ ಎಂದು ಸ್ಪಷ್ಟವಾಗಿ ಹೇಳಬೇಕೆಂಬ ನಿಯಮ ಅಲ್ಲಿಗೂ ಒಂದೇ, ಮಧುರೆಯ ಮನೆಗೂ ಒಂದೇ.

ನಂಬಿಕೆ ಮತ್ತು ನಿಜ

ನಂಬಿಕೆ: ಅಪ್‌ಡೇಟ್ ಮಾಡುವುದನ್ನೇ ನಿಲ್ಲಿಸಿದರೆ ತೊಂದರೆಯೇ ಇರುವುದಿಲ್ಲ.
ನಿಜ: ಕರ್ನೆಲ್ ಅಪ್‌ಡೇಟ್‌ಗಳಲ್ಲಿ ಭದ್ರತೆಯ ತಿದ್ದುಪಡಿಗಳೂ ಇರುತ್ತವೆ. ಒಂದೆರಡು ದಿನ ಮುಂದೂಡುವುದು ಸರಿ, ವರ್ಷಗಟ್ಟಲೆ ನಿಲ್ಲಿಸುವುದು ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿಗೆ ಅಪಾಯ.

ನಂಬಿಕೆ: ಬೇರೆಯವರ ಕಂಪ್ಯೂಟರಿನ ಮಾಡ್ಯೂಲ್ ಕಡತವನ್ನು ನಕಲು ಮಾಡಿಕೊಂಡರೆ ಸಾಕು.
ನಿಜ: ಕರ್ನೆಲ್‌ನ ಪೂರ್ತಿ ಹೆಸರು ಒಂದೇ ಆಗಿದ್ದು, ಅದೇ ವಿತರಣೆಯದ್ದಾಗಿದ್ದರೆ ಮಾತ್ರ ಕೆಲಸವಾದೀತು. ಬಲವಂತವಾಗಿ ತುರುಕುವ ‘ಫೋರ್ಸ್’ ಆಯ್ಕೆಯ ಗೊಡವೆ ಬೇಡ. ಗುರುತಿಲ್ಲದ ಜಾಲತಾಣದ ಸಿದ್ಧ ಮಾಡ್ಯೂಲನ್ನಂತೂ ಹಾಕಲೇಬೇಡಿ, ಅದರ ಕೈಗೆ ಇಡೀ ಕಂಪ್ಯೂಟರನ್ನು ಕೊಟ್ಟಂತೆ.

ನಂಬಿಕೆ: ಕರ್ನೆಲ್ ಬದಲಾದರೆ ಕನ್ನಡ ಟೈಪಿಂಗ್ ಕೂಡ ಹೋಗುತ್ತದೆ.
ನಿಜ: ಇಲ್ಲ. ಕೀಲಿಮಣೆಯ ಒತ್ತುಗಳನ್ನು ಓದುವುದಷ್ಟೇ ಕರ್ನೆಲ್‌ನ ಕೆಲಸ. ಅವನ್ನು ಕನ್ನಡ ಅಕ್ಷರಗಳಾಗಿಸುವ ಕಗಪ ವಿನ್ಯಾಸ ಕರ್ನೆಲ್‌ನ ಹೊರಗಿನದ್ದು, ಹೆಚ್ಚಿನ ಲಿನಕ್ಸ್‌ಗಳ ಜೊತೆಗೇ ಬರುತ್ತದೆ. ಪ್ರಿಂಟರುಗಳದ್ದೂ ಬಹುಮಟ್ಟಿಗೆ ಇದೇ ಕಥೆ. ಅವುಗಳ ಡ್ರೈವರುಗಳು ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯಲ್ಲಿರುತ್ತವೆ.

ನಂಬಿಕೆ: ಎಲ್ಲ ಅಳಿಸಿ ಲಿನಕ್ಸನ್ನು ಮತ್ತೆ ಹಾಕಿದರೆ ಸರಿಹೋಗುತ್ತದೆ.
ನಿಜ: ಮತ್ತೆ ಹಾಕಿದ ಮೇಲೂ ಅದೇ ಹೊರಗಿನ ಡ್ರೈವರ್ ಬೇಕಾಗುತ್ತದೆ, ಮುಂದಿನ ಕರ್ನೆಲ್ ಬಂದಾಗ ಅದೇ ತೊಂದರೆ ಮರಳುತ್ತದೆ. ನಡುವೆ ಫೋಟೋಗಳು, ದಾಖಲೆಗಳು ಹೋದರೆ ಅದೇ ದೊಡ್ಡ ನಷ್ಟ.

ಮುಂದಿನ ಸಲಕ್ಕೆ ಸಿದ್ಧತೆ

• ಹೊಸ ಕರ್ನೆಲ್‌ನಲ್ಲಿ ಎಲ್ಲವೂ ಸರಿಯಿದೆ ಎಂದು ಖಚಿತವಾಗುವವರೆಗೆ ಹಳೆಯ ಕರ್ನೆಲನ್ನು ಅಳಿಸಬೇಡಿ.
• ಡಿಕೆಎಂಎಸ್ ಮತ್ತು ತಾನಾಗಿ ಬರುವ ಹೆಡರ್ ಪ್ಯಾಕೇಜ್ ಎರಡನ್ನೂ ಹಾಕಿಟ್ಟುಕೊಳ್ಳಿ.
• ಅಪ್‌ಡೇಟ್ ಮುಗಿದ ಮೇಲೆ, ರೀಸ್ಟಾರ್ಟ್ ಮಾಡುವ ಮುನ್ನವೇ ‘ಡಿಕೆಎಂಎಸ್ ಸ್ಟೇಟಸ್’ ನೋಡಿ.
• ಡ್ರೈವರಿನ ಮೂಲ ಸಂಕೇತದ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ.
• ಅರ್ಜಿ, ಪರೀಕ್ಷೆ, ಫಲಿತಾಂಶಗಳ ಹಿಂದಿನ ರಾತ್ರಿ ಅಪ್‌ಡೇಟ್ ಬೇಡ.
• ಹೊಸ ಡಾಂಗಲ್ ಕೊಳ್ಳುವುದಾದರೆ, ನಿಮ್ಮ ಕರ್ನೆಲ್ ಒಳಗೇ ಡ್ರೈವರ್ ಇರುವ ಚಿಪ್ ಯಾವುದೆಂದು ನೋಡಿ ಕೊಳ್ಳಿ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಪ್ರತಿ ಅಪ್‌ಡೇಟ್‌ಗೂ ಎದೆ ಹಿಡಿದುಕೊಳ್ಳುವುದು ತಪ್ಪುತ್ತದೆ.

ಮಧುರೆಯ ಆ ಮನೆಗೆ ಮತ್ತೆ ಬರೋಣ. ಗ್ರಬ್ ಮೆನುವಿನಲ್ಲಿ ಹಳೆಯ ಕರ್ನೆಲ್ ಆರಿಸಿಕೊಂಡರೆ ಅರ್ಜಿ ಇವತ್ತೇ ಸಲ್ಲಿಕೆಯಾಗುತ್ತದೆ. ಆಮೇಲೆ ಬಿಡುವಾಗಿ ಹೆಡರ್ ಹಾಕಿ, ಹೊಸ ಕರ್ನೆಲ್‌ಗೆ ಡ್ರೈವರ್ ತಯಾರಿಸಿ, ವರ್‌ಮ್ಯಾಜಿಕ್ ಸಾಲನ್ನು ತಾಳೆ ನೋಡಿ ರೀಸ್ಟಾರ್ಟ್ ಮಾಡಿದರೆ ವೈಫೈ ಚಿಹ್ನೆ ತನ್ನ ಜಾಗಕ್ಕೆ ಮರಳುತ್ತದೆ. ಹೊಸ ಡಾಂಗಲ್ ಬೇಕಿಲ್ಲ, ವಿಂಡೋಸ್ ಹಾಕಿಸಬೇಕಿಲ್ಲ. ಶನಿಮಹಾತ್ಮನ ದರ್ಶನಕ್ಕೆ ಹೋಗುವುದಾದರೆ ಭಕ್ತಿಯಿಂದ ಹೋಗಿ ಬನ್ನಿ, ವೈಫೈಗೋಸ್ಕರ ಹೋಗಬೇಕಿಲ್ಲ. ಈ ಕಾಟ ಕರ್ನೆಲ್ ಆವೃತ್ತಿಯದ್ದು!